ಅಕ್ಕನ ಕ್ಯಾಮೆರಾ, ನನ್ನ ಕೈ

ಅಕ್ಕ ನಮ್ಮ ಮನೆಗೆ ಬಂದಿಳಿದಾಗ ಆಕೆಯ ಬಲಗೈ ಅಂಗೈಯಿಂದ ಮೊಣಕೈ ದಾಟುವವರೆಗೂ ಪ್ಲಾಸ್ಟರಿನೊಳಗಿತ್ತು. ಎಡಗೈಯಲ್ಲಿ ಒಂದು ಕರಿ ಪೆಟ್ಟಿಗೆ. ಅದನ್ನು ಇಳಿಸಿಕೊಡಲು ಆಟೋದವನು ಕೈ ಚಾಚಿದರೆ ಕೊಡಲಿಲ್ಲ. ನಾನು ಓಡಿಹೋಗಿ ಹಿಡಿದುಕೊಳ್ಳಲು ನೋಡಿದೆ, ನನಗೂ ಕೊಡಲಿಲ್ಲ. ಒಳಗೆ ಬಂದು ಮಂಚದ ನಟ್ಟನಡುವೆ ತಾನೇ ಇಟ್ಟು, ಬೀಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಚಪ್ಪಲಿ ಬಿಟ್ಟಳು.

"ಅದ ಇರ್ಲಿ, ಕೈಗೇನ ಮಾಡ್ಕೊಂಡೀ ಹೇಳು," ಎಂದಳು ಅವ್ವ.

"ಬಿದ್ನಿ ಚಿಗವ್ವಾ. ಮೆಟ್ಟಲದಾಗ ಕಾಲ ಜಾರ್ತು," ಎಂದಳು. ಅಷ್ಟೇ. ಹೆಚ್ಚು ಕೇಳಿದರೆ ಮಾತು ತಿರುಗಿಸಿದಳು.

ಅಕ್ಕ ಅಂದರೆ ನಮ್ಮ ದೊಡ್ಡವ್ವನ ಮಗಳು. ಸಿನಿಮಾದಲ್ಲಿ ಕ್ಯಾಮೆರಾ ಕೆಲಸ ಮಾಡುತ್ತಾಳೆ. ಮೊದಲು ಬೇರೆಯವರ ಕೈಕೆಳಗೆ ವರ್ಷಗಟ್ಟಲೆ ಪೆಟ್ಟಿಗೆ ಹೊತ್ತು, ಈಗೀಗ ಸಣ್ಣಪುಟ್ಟ ಚಿತ್ರಗಳನ್ನು ತಾನೇ ತೆಗೆಯುತ್ತಿದ್ದಳು. ನಮ್ಮ ಬಳಗದಲ್ಲಿ ಆಕೆಯ ಕೆಲಸ ಏನೆಂದು ಸರಿಯಾಗಿ ಹೇಳಬಲ್ಲವರು ಯಾರೂ ಇರಲಿಲ್ಲ. "ಮದವಿ ಶೂಟಿಂಗ್ ಮಾಡ್ತಾಳ," ಎಂದು ಅವ್ವ ಓಣಿಯವರಿಗೆ ಹೇಳಿ ಮುಗಿಸುತ್ತಿದ್ದಳು.

ನಾನು ಆಗ ನೌಕರಿಯ ಪರೀಕ್ಷೆಗೆ ಓದುತ್ತಿದ್ದೆ. ವಿಜಯಪುರದಲ್ಲಿ ನನ್ನ ವಯಸ್ಸಿನ ಅರ್ಧ ಜನ ಯಾವುದಾದರೊಂದು ಪರೀಕ್ಷೆಗೆ ಓದುತ್ತಲೇ ಇರುತ್ತಾರೆ. ಸ್ಟೇಷನ್ ರೋಡಿನ ಹಿಂದಿನ ಒಂದು ಓದುವ ಕೋಣೆಯಲ್ಲಿ ಬೆಳಿಗ್ಗೆ ಹೋಗಿ ಕೂತರೆ ಸುತ್ತಲೂ ಬಗ್ಗಿದ ತಲೆಗಳು, ತಿರುಗುವ ಫ್ಯಾನು, ಹಾಳೆ ಮಗುಚುವ ಸದ್ದು. ಉಳಿದವರು ಕಲ್ಲು ಕೂತಂತೆ ಕೂತಿರುತ್ತಿದ್ದರು. ನನಗೆ ಮಾತ್ರ ಆಗುತ್ತಿರಲಿಲ್ಲ. ಪೆನ್ನಿನ ಟೊಪ್ಪಿಗೆ ತೆಗೆದು ಹಾಕಿ ತೆಗೆದು ಹಾಕಿ, ಪಕ್ಕದವಳು "ಅಕ್ಕಾರ, ಸಾಕ ಮಾಡ್ರಿ" ಎನ್ನುವ ತನಕ ಮಾಡುತ್ತಿದ್ದೆ. ನೀರು ಕುಡಿಯಲು ಏಳುತ್ತಿದ್ದೆ, ಕುಡಿದ ನೀರಿಗಾಗಿ ಮತ್ತೆ ಏಳುತ್ತಿದ್ದೆ. ಅದಕ್ಕೂ ಮೊದಲು ಔಷಧಿ ಅಂಗಡಿಯಲ್ಲಿ ಇದ್ದೆ, ಕಂಪ್ಯೂಟರ್ ಸೆಂಟರಿನಲ್ಲಿ ಇದ್ದೆ. ಎಲ್ಲಿಯೂ ಕಾಲು ನಿಂತಿರಲಿಲ್ಲ. "ಹುಟ್ಟಿದಾಗ ಇಕಿಗೆ ಗಾಳಿ ಬಡದೈತಿ," ಎನ್ನುವುದು ಅವ್ವನ ತೀರ್ಮಾನ.

ಚಹಾ ಕುಡಿಯುವಾಗ ಅಕ್ಕ ಬಂದ ಕಾರಣ ಹೇಳಿದಳು. ಘೋಣಸಗಿಯ ಹುಡುಗಿಯೊಬ್ಬಳು ಸೈಕಲ್ ರೇಸಿಗೆ ತಯಾರಾಗುತ್ತಿದ್ದಾಳೆ. ಹಿಂದಿನ ವರ್ಷ ತಿಕೋಟಾದ ಒಂದು ಮದುವೆಗೆ ಬಂದಿದ್ದಾಗ, ಅಕ್ಕ ಕೂತಿದ್ದ ಬಸ್ಸನ್ನೇ ಆ ಹುಡುಗಿ ಹಿಂದೆ ಹಾಕಿ ಹೋಗಿದ್ದಳಂತೆ. ಅಲ್ಲಿಂದ ಅಕ್ಕನಿಗೆ ಅವಳ ಹುಚ್ಚು ಹಿಡಿದಿತ್ತು. ಬಿಡುವಾದಾಗೆಲ್ಲ ಬಂದು ಸ್ವಲ್ಪ ಸ್ವಲ್ಪ ಚಿತ್ರ ತೆಗೆದಿದ್ದಳು. ಈಗ ರಾಜ್ಯದ ತಂಡಕ್ಕೆ ಆಯ್ಕೆ ಹತ್ತಿರ ಬಂದಿತ್ತು.

"ಆರಿಸಿದ್ರಂದ್ರ ಆಕಿ ಹಾಸ್ಟೆಲಿಗೆ ಹೋಗ್ತಾಳ. ಈ ರಸ್ತೇದಾಗ ಮತ್ತ ಸಿಗಂಗಿಲ್ಲ. ಈಗ ತಗೀಬೇಕು."

"ಆ ಕೈಲೆ?" ಎಂದೆ.

ಅಕ್ಕ ನನ್ನ ಕೈಗಳನ್ನು ನೋಡಿದಳು. ನಾನು ಆಗಲೂ ಚಹಾದ ಬಸಿಯನ್ನು ಮೇಜಿನ ಮೇಲೆ ಬುಗುರಿ ಆಡಿಸಿದಂತೆ ತಿರುಗಿಸುತ್ತಿದ್ದೆ.

"ಈ ಕೈಲೆ," ಎಂದು ನನ್ನ ಬೆರಳ ಮೇಲೆ ತನ್ನ ಎಡಗೈ ಇಟ್ಟಳು. "ಮದ್ಲ ಇವನ್ನ ನಿಂದ್ರಸು."

ಮರುದಿನ ನಾನು ಓದುವ ಕೋಣೆಗೆ ಹೋಗಲಿಲ್ಲ.

ಅಕ್ಕ ಫ್ಯಾನು ಆರಿಸಿದಳು, ಕಿಟಕಿ ಹಾಕಿದಳು, ಮಂಚದ ಮೇಲೆ ಒಗೆದ ಚಾದರ ಹಾಸಿಸಿದಳು. ನನಗೆ ಕೈ ತೊಳೆದು ಒರೆಸಿಕೊಂಡು ಬರಲು ಹೇಳಿದಳು. ಬಂದರೆ, ಬಳೆ ಉಂಗುರ ತೆಗೆದು ಬಾ ಎಂದಳು. ತೆಗೆದು ಬಂದರೆ, ಓಢಣಿ ಬಿಚ್ಚಿಟ್ಟು ಬಾ ಎಂದಳು. ಅಷ್ಟರಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಬಾಗಿಲಿಗೆ ಬಂದಳು.

"ಅಲ್ಲೇ ನಿಂದರ ಚಿಗವ್ವಾ! ಹಿಟ್ಟು ಹಾರತೈತಿ!"

"ಯವ್ವಾ, ಬಾಣಂತಿ ಕ್ವಾಣಿಗೂ ಹಿಂಗ ತಡದಿದ್ದಿಲ್ಲ ನನ್ನ," ಎನ್ನುತ್ತಾ ಅವ್ವ ತಿರುಗಿಹೋದಳು.

ಪೆಟ್ಟಿಗೆಯೊಳಗೆ ನಾನು ಒಂದು ದೊಡ್ಡ ಕ್ಯಾಮೆರಾ ಇರುತ್ತದೆ ಎಂದುಕೊಂಡಿದ್ದೆ. ಇದ್ದದ್ದು ತುಂಡು ತುಂಡಾಗಿ. ಸ್ಪಂಜಿನ ಒಂದು ಗೂಡಿನಲ್ಲಿ ಕ್ಯಾಮೆರಾದ ಒಡಲು, ಮುಖಕ್ಕೆ ಮುಚ್ಚಳ ಹಾಕಿಕೊಂಡು. ಉಳಿದ ಗೂಡುಗಳಲ್ಲಿ ಲೆನ್ಸುಗಳು, ಹಿಂದೆ ಮುಂದೆ ಮುಚ್ಚಳ. ಯಾವುದು ಬೇಕೋ ಅದನ್ನು ಒಡಲಿಗೆ ಕೂಡಿಸಬೇಕು, ಬೇಡವಾದಾಗ ತೆಗೆದು ಇನ್ನೊಂದನ್ನು ಹಾಕಬೇಕು. ಆ ಹಾಕಿ ತೆಗೆಯುವ ನಡುವಿನ ಗಳಿಗೆಯಲ್ಲಿ ಕ್ಯಾಮೆರಾ ಬಾಯಿ ತೆರೆದಿರುತ್ತದೆ. ಒಳಗೆ, ಆಳದಲ್ಲಿ, ಬೆರಳ ಗಾತ್ರದ ಒಂದು ಹೊಳೆಯುವ ಪಟ್ಟಿ. ಸೆನ್ಸರು ಅಂದಳು.

"ಇದು ಇದರ ಕಣ್ಣಗುಡ್ಡಿ. ಮುಟ್ಟಬಾರ್ದು. ಬಾಯಿಲೆ ಊದಬಾರ್ದು, ಉಗುಳ ಸಿಡೀತೈತಿ. ಬಿಸಲಿಗೆ ಹಿಡೀಬಾರ್ದು. ಧೂಳ ಕುಂತರ ನೀ ತಗದ ಪ್ರತಿ ಚಿತ್ರದಾಗ ಒಂದು ಕರೀ ಚುಕ್ಕಿ ಕಾಣತೈತಿ, ಆಮ್ಯಾಲ ಅತ್ರೂ ಹೋಗಂಗಿಲ್ಲ."

ಮೊದಲು ಆರಿಸು. ಮುಖ ಕೆಳಗೆ ಮಾಡು. ಮುಂದೆ ಹಾಕುವ ಲೆನ್ಸಿನ ಹಿಂದಿನ ಮುಚ್ಚಳವನ್ನು ಮೊದಲೇ ಸಡಿಲ ಮಾಡಿಟ್ಟುಕೋ. ಗುಂಡಿ ಒತ್ತಿ ತಿರುಗಿಸು. ತೆಗೆದದ್ದನ್ನು ಎಲ್ಲೆಂದರಲ್ಲಿ ಇಡಬೇಡ. ಕೆಂಪು ಚುಕ್ಕಿಗೆ ಕೆಂಪು ಚುಕ್ಕಿ ಕೂಡಿಸು, 'ಕಟ್' ಎನ್ನುವ ತನಕ ತಿರುಗಿಸು. ಕಟ್ ಎನ್ನಲಿಲ್ಲವೋ, ಕೂತಿಲ್ಲ ಎಂದು ತಿಳಿ. ಬಾಯಿಗೆ ಸುಲಭ. ಕೈಗೆ ಬಂದಾಗ, ಎಡಗೈ ಮಾಡುವುದನ್ನು ಬಲಗೈ ಮಾಡಲು ಹೋಗಿ, ಲೆನ್ಸು ಬಗಲಲ್ಲಿ ಅವುಚಿಕೊಂಡು, ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡೆ.

ಅಕ್ಕ ತಾನು ತೋರಿಸಲಾರಳು. ಅದೇ ಅವಳ ಸಂಕಟ. ಎದ್ದು ಕೋಣೆ ತುಂಬಾ ತಿರುಗುತ್ತಿದ್ದಳು. ಪ್ಲಾಸ್ಟರಿನ ತುದಿಯಿಂದ ಹೊರಗೆ ಕಾಣುವ ಅವಳ ಬೆರಳುಗಳು ನನ್ನ ತಪ್ಪಿಗೆಲ್ಲ ತಾವೇ ಗಾಳಿಯಲ್ಲಿ ತಿರುಗುತ್ತಿದ್ದವು. "ಹಂಗಲ್ಲ. ಹಂಗಲ್ಲ ಲೇ. ತಾ ಇಲ್ಲಿ... ಛೇ!" ಎಂದು ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಒಂದು ಕೈ ಕಟ್ಟಿಹೋದವಳು, ಎರಡೂ ಕೈ ಸುಮ್ಮನಿರದವಳು. ಇಬ್ಬರಿಗೂ ಬೆವರು.

ಮಧ್ಯಾಹ್ನದ ಹೊತ್ತಿಗೆ ಮೊದಲ ಸಲ ಆ 'ಕಟ್' ಸದ್ದು ಸರಿಯಾಗಿ ಕೇಳಿತು. ಯಾವ ಪರೀಕ್ಷೆಯ ಯಾವ ಪ್ರಶ್ನೆಯೂ ನನಗೆ ಅಂಥ ಸಮಾಧಾನ ಕೊಟ್ಟಿರಲಿಲ್ಲ. ಆದರೆ ಸಮಾಧಾನ ನಿಲ್ಲಲು ಅಕ್ಕ ಬಿಡಬೇಕಲ್ಲ. "ಈಗ ತಗಿ. ಮತ್ತ ಹಾಕು," ಎಂದಳು.

ಮುಂದಿನ ದಿನಗಳೆಲ್ಲ ಹೀಗೇ. ಮೂರು ಕಾಲಿನ ಸ್ಟ್ಯಾಂಡಿನ ಒಂದು ಕಾಲು ಯಾವಾಗಲೂ ಲೆನ್ಸು ನೋಡುವ ಕಡೆಗೇ ಚಾಚಿರಬೇಕು, ಇಲ್ಲದಿದ್ದರೆ ಮುಂದಿನ ಭಾರಕ್ಕೆ ಮಗುಚುತ್ತದೆ. ಕ್ಯಾಮೆರಾ ಸ್ಟ್ಯಾಂಡಿಗೆ ಕೂಡಿಸಿದ ಮೇಲೆ ಕೈ ಬಿಡುವ ಮೊದಲು ಒಮ್ಮೆ ಮೇಲಕ್ಕೆ ಜಗ್ಗಿ ನೋಡಬೇಕು. ಕೆಂಪು ದೀಪ ಉರಿಯುವಾಗ ಕಾರ್ಡು ತೆಗೆಯಬಾರದು. ಒಬ್ಬರಿಂದ ಒಬ್ಬರಿಗೆ ಕ್ಯಾಮೆರಾ ದಾಟಿಸುವಾಗ, ತೆಗೆದುಕೊಂಡವರು "ಹಿಡದೀನಿ" ಎಂದು ಬಾಯಿಬಿಟ್ಟು ಹೇಳುವ ತನಕ ಕೊಡುವವರು ಬಿಡಬಾರದು. ನನ್ನ ಕೈಗೆ ಭಾರ ರೂಢಿಯಾಗಲೆಂದು ಜೋಳದ ಚೀಲಕ್ಕೆ ಪಟ್ಟಿ ಕಟ್ಟಿ ಮಾಳಿಗೆಯ ಮೇಲೆ ಹಿಂದೆ ಮುಂದೆ ನಡೆಸಿದಳು. ನಡೆಯುವಾಗ ಮೊಣಕಾಲು ಸಡಿಲ ಇರಲಿ, ಹಿಮ್ಮಡಿ ಮೊದಲು ಊರು ಎಂದಳು.

"ಒಂದ ಮಾತು ನೆನಪಿಡು," ಎಂದಳು ಒಂದು ದಿನ. "ನೀ ಬಿದ್ರೂ ಅದು ಬೀಳಬಾರ್ದು."

ಹುಡುಗಿಯನ್ನು ನಾನು ಮೊದಲು ನೋಡಿದ್ದು ತಿಕೋಟಾದ ಆಚೆ, ದ್ರಾಕ್ಷಿ ಒಣಗಿಸುವ ಶೆಡ್ಡುಗಳ ಹತ್ತಿರ. ಅವಳ ಅವ್ವ ಅಲ್ಲಿ ದ್ರಾಕ್ಷಿ ಆರಿಸುವ ಕೆಲಸಕ್ಕೆ ಬರುತ್ತಿದ್ದಳು. ಇವಳು ಬೆಳಗಿನ ಸವಾರಿ ಮುಗಿಸಿ ಅಲ್ಲಿಯೇ ರೊಟ್ಟಿ ತಿಂದು, ಮತ್ತೆ ಹೊರಡುತ್ತಿದ್ದಳು. ಸಪೂರ ಮೈ, ತೊಡೆಗಳು ಮಾತ್ರ ಕಟ್ಟಿಗೆಯಂತೆ ಗಟ್ಟಿ. ರೊಟ್ಟಿಯನ್ನೂ ನಿಂತೇ ತಿಂದಳು. ಮಾತಾಡುವಾಗ ಒಂದು ಕಾಲಿನ ಮೇಲೆ, ಮತ್ತೆ ಇನ್ನೊಂದರ ಮೇಲೆ.

"ಕುಂದರವಾ ಒಂದ್ ಚೂರ," ಎಂದೆ.

"ಕುಂತರ ಕಾಲ ಕಚ್ತಾವ್ರಿ ಅಕ್ಕಾರ," ಎಂದು ನಕ್ಕಳು. ನನ್ನಂಥವಳು ಇನ್ನೊಬ್ಬಳು ಇದ್ದಾಳಲ್ಲ ಎನಿಸಿತು. ಆದರೆ ಅವಳ ಚಡಪಡಿಕೆಗೆ ಒಂದು ದಾರಿಯಿತ್ತು, ಎರಡು ಗಾಲಿಗಳಿದ್ದವು. ನನ್ನದಕ್ಕೆ ಏನೂ ಇರಲಿಲ್ಲ.

ಆ ದಿನ ಗಾಳಿ ವಿಪರೀತ. ಅವಳು ದೂರದಿಂದ ಬರುವುದನ್ನು ತೆಗೆಯಬೇಕಿತ್ತು, ಅದಕ್ಕೆ ಉದ್ದನೆಯ ಲೆನ್ಸು ಬೇಕು. ಬಯಲಲ್ಲಿ ಲೆನ್ಸು ಬದಲಿಸುವಂತಿಲ್ಲ, ಮಣ್ಣು ಹೊಗೆಯಂತೆ ಏಳುತ್ತಿತ್ತು. ಅಕ್ಕ ನನ್ನನ್ನು ಗಾಡಿಯೊಳಗೆ ಕೂರಿಸಿ, ಗಾಜು ಏರಿಸಿ, ಇಬ್ಬರ ತಲೆಯ ಮೇಲೂ ಚಾದರ ಹೊದಿಸಿಕೊಂಡಳು. ಗಾಡಿ ನಮ್ಮ ಓಣಿಯ ಚಾಚಾನದು. ಸಾಮಾನು ಸಾಗಿಸುವ ಸಣ್ಣ ಗಾಡಿ, ಕಾಯಿಪಲ್ಲೆ, ದ್ರಾಕ್ಷಿ, ಮನೆ ಸಾಮಾನು ಎಲ್ಲ ಹೊರುತ್ತದೆ. ಚಾಚಾ ಹೊರಗೆ ನಿಂತು, "ಆತೇನ್ರಿ ಒಳಗ?" ಎಂದು ಆಗಾಗ ಕೇಳುತ್ತಿದ್ದ.

ಚಾದರದೊಳಗೆ ಕೆಂಡದಂಥ ಸೆಕೆ. ಕ್ಯಾಮೆರಾ ನನ್ನ ತೊಡೆಯ ಮೇಲೆ ಮುಖ ಕೆಳಗಾಗಿ. ನಾನು ಅವಸರ ಮಾಡಿ ಲೆನ್ಸು ತಿರುಗಿಸಿದೆ. ಅಕ್ಕ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದಳು.

"ನಿನ್ನ ಗಡಿಬಿಡಿ ನೋಡಿದ್ರ ನನ್ನ ಎದಿ ಹಾರತೈತಿ."

"ಬೀಳಸಂಗಿಲ್ಲಕ್ಕಾ. ನೀನ ಅಂದೀ ಅಲ್ಲ, ನಾ ಬಿದ್ರೂ ಅದು ಬೀಳಬಾರ್ದಂತ."

ಅಕ್ಕ ನನ್ನ ಮಣಿಕಟ್ಟು ಬಿಟ್ಟಳು. ಕತ್ತಲೆಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ, ಉಸಿರು ಮಾತ್ರ ಕೇಳುತ್ತಿತ್ತು.

"ನಾ ಬಿದ್ದಾಗ ಇದು ನನ್ನ ಕೈಯಾಗ ಇತ್ತು," ಎಂದಳು. "ಮಳಿ ಬಂದು ಮೆಟ್ಟಲ ಹಸಿ ಆಗಿದ್ವು. ಜಾರಿದ್ನಿ. ಎಡಗೈಲೆ ಇದನ್ನ ಮ್ಯಾಲ ಎತ್ತಿದ್ನಿ, ಬಲಗೈ ಮ್ಯಾಲ ಬಿದ್ನಿ. ಎಲುವ ಮುರದ ಸಪ್ಪಳ ನನಗ ಕೇಳಿಸ್ತು. ಎಲ್ಲಾರೂ ಓಡಿ ಬಂದ್ರು. ಓಡಿ ಬಂದ್ ಏನ ಕೇಳಿದ್ರು ಗೊತ್ತೈತೇನು?"

ನಾನು ಲೆನ್ಸನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"'ಕ್ಯಾಮೆರಾಕ್ಕೇನಾತು?' ಅಂದ್ರು. ಅವರ ಮಾತ ಬಿಡು. ನಾನೂ ಅದನ್ನ ಕೇಳಿದ್ನಿ. ಕೈ ಹಿಂಗ ಜೋತ ಬಿದ್ದೈತಿ, ನಾನೂ ಕೇಳಾಕತ್ತೇನಿ, ಕ್ಯಾಮೆರಾ ಹೆಂಗೈತಿ ಅಂತ."

ಹೊರಗಿನಿಂದ ಚಾಚಾ ಗಾಜು ಬಡಿದ. "ಹುಡಿಗಿ ತಿರುಗಿ ಬರಾಕತ್ತಾಳ್ರಿ!"

ಲೆನ್ಸು ಕೂತಿತು. ನಾವು ಚಾದರ ಕಿತ್ತೊಗೆದು ಇಳಿದೆವು. ಆ ದಿನ ನಾನು ತೆಗೆದದ್ದು ಯಾವುದೂ ಬಳಸುವಂತಿರಲಿಲ್ಲ. ಹುಡುಗಿ ಚೌಕಟ್ಟಿನಿಂದ ಹೊರಗೆ ಓಡುತ್ತಿದ್ದಳು, ನಾನು ಬೆನ್ನುಹತ್ತಿ ಹಿಡಿಯುವಷ್ಟರಲ್ಲಿ ಬರೀ ಬೇವಿನ ಗಿಡಗಳು. ಮನೆಗೆ ಬಂದು ಅಕ್ಕ ನೋಡಿ, "ನಿನ್ನ ಉಸರು ಕಾಣಾಕತ್ತೈತಿ ಇದರಾಗ," ಎಂದಳು. ನಿಜ. ನಾನು ಉಸಿರೆಳೆದಂತೆಲ್ಲ ತಿಕೋಟಾದ ರಸ್ತೆ ಏರಿ ಇಳಿಯುತ್ತಿತ್ತು.

ಆಯ್ಕೆಯ ದಿನ ಹತ್ತಿರವಾದಂತೆ ಅಕ್ಕನ ತಳಮಳ ಹೆಚ್ಚಿತು. ಹುಡುಗಿಯ ಮುಖ ಎದುರಿನಿಂದ ಬೇಕು, ಅವಳು ಜೋರಿನಲ್ಲಿರುವಾಗ, ಬೆವರು ಹುಬ್ಬಿನಿಂದ ಇಳಿಯುವಾಗ ಬೇಕು ಎಂದು ಹಟ. ಅದಕ್ಕೆ ಗಾಡಿಯ ಹಿಂದೆ ಕೂತು, ಹಿಂದೆ ಬರುವವಳನ್ನು ತೆಗೆಯಬೇಕು. ಬಬಲೇಶ್ವರದ ರಸ್ತೆ ಬೆಳಿಗ್ಗೆ ಖಾಲಿ ಇರುತ್ತದೆ, ನೆಟ್ಟಗೂ ಇದೆ ಎಂದು ಅದನ್ನೇ ಆರಿಸಿದೆವು.

ಗಾಡಿಯ ಹಿಂದಿನ ತಗಡಿನ ಮೇಲೆ ಗಾದಿ ಹಾಸಿದೆವು. ನನ್ನ ಸೊಂಟಕ್ಕೆ ಹಗ್ಗ ಸುತ್ತಿ ಕಬ್ಬಿಣದ ಸಲಾಕಿಗೆ ಕಟ್ಟಿದಳು ಅಕ್ಕ, ಹಲ್ಲು ಮತ್ತು ಎಡಗೈಯಿಂದ. ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳಲು ಹೋದೆ.

"ಗಾಡ್ಯಾಗ ಕೊರಳಿಗೆ ಬ್ಯಾಡ. ಎಲ್ಲೆರೆ ಸಿಕ್ಕಿದ್ರ ಉರ್ಲ ಆಗತೈತಿ," ಎಂದು ಅದಕ್ಕೂ ಬೇರೆ ಹಗ್ಗ ಹಾಕಿ ಇನ್ನೊಂದು ಸಲಾಕಿಗೆ ಬಿಗಿದಳು. ತಾನು ನನ್ನ ಪಕ್ಕ, ಕ್ಯಾಬಿನ್ನಿಗೆ ಬೆನ್ನು ಕೊಟ್ಟು ಕೂತಳು. ಚಾಚಾನಿಗೆ ಸಾವಕಾಶ ನಡೆಸಲು ಹೇಳಿದೆವು. ಹುಡುಗಿಗೆ ದೂರ ಬಿಟ್ಟು ಬರಲು ಹೇಳಿದೆವು.

ಹೊರಟೆವು. ಎಡಕ್ಕೆ ಬಲಕ್ಕೆ ಕರಿ ಹೊಲ, ಅಲ್ಲಲ್ಲಿ ಕಬ್ಬು. ಮೊದಮೊದಲು ಚೌಕಟ್ಟು ಅತ್ತಿತ್ತ ಹೊಯ್ದಾಡುತ್ತಿತ್ತು. ಆಮೇಲೆ ಹುಡುಗಿ ತಲೆ ತಗ್ಗಿಸಿ ತುಳಿಯತೊಡಗಿದಳು. ಸಣ್ಣ ಪರದೆಯಲ್ಲಿ ಅವಳ ಮುಖ ಬಂತು, ನಿಂತಿತು. ಅವಳು ಒಮ್ಮೆ ಮೇಲೆ ನೋಡಿದಳು. ಕಣ್ಣಲ್ಲಿ ನಾವಿರಲಿಲ್ಲ, ನಮ್ಮ ಹಿಂದಿನ ರಸ್ತೆಯಿತ್ತು. ನನ್ನ ಕೈ ನಿಂತುಹೋಗಿತ್ತು. ಹುಟ್ಟಿದಾಗಿನಿಂದ ಎಂದೂ ನಿಲ್ಲದ ಕೈ. ಪಕ್ಕದಲ್ಲಿ ಅಕ್ಕ ಮೆಲ್ಲಗೆ, "ಹಂಗ... ಹಂಗ ಇರ್ಲಿ..." ಎನ್ನುತ್ತಿದ್ದಳು.

ಆಗ ಮಮದಾಪುರದ ಕಡೆಯ ಹಾದಿಯಿಂದ ಆಡಿನ ಹಿಂಡು ರಸ್ತೆಗೆ ನುಗ್ಗಿತು. ನಮಗೆ ಕಾಣಲಿಲ್ಲ, ನಾವು ಹಿಂದೆ ನೋಡುತ್ತಿದ್ದೆವು. ಚಾಚಾ ಕೂಗಿದ್ದು ಕೇಳಿತು, ಅದರ ಜೊತೆಗೇ ಗಾಡಿ ಒಮ್ಮೆಲೇ ಎಡಕ್ಕೆ ಹೊರಳಿ ರಸ್ತೆ ಬಿಟ್ಟು ಇಳಿಯಿತು. ನಾನು ಗಾದಿಯ ಸಮೇತ ಬಲಕ್ಕೆ ಜಾರಿದೆ. ಸೊಂಟದ ಹಗ್ಗ ಸಡಿಲಾಗಿತ್ತೋ ಏನೋ, ಅದು ನನ್ನನ್ನು ಹಿಡಿಯಲಿಲ್ಲ. ಯೋಚಿಸಲು ಹೊತ್ತಿರಲಿಲ್ಲ. ಮಾಳಿಗೆಯ ಮೇಲೆ ಕಲಿತದ್ದನ್ನು ಮೈ ತಾನೇ ಮಾಡಿತು: ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡು, ಕಬ್ಬಿಣದ ಅಂಚಿಗೆ ತಲೆ ಕೊಡಲು ಹೊರಟೆ.

"ಬಿಡು!" ಅಕ್ಕ ಚೀರಿದಳು. "ಬಿಡ ಅದನ್ನ! ಸಲಾಕಿ ಹಿಡಿ!"

ಬಿಟ್ಟೆ. ಎರಡೂ ಕೈಯಿಂದ ಸಲಾಕಿ ಹಿಡಿದೆ. ಅದೇ ಹೊತ್ತಿಗೆ ಅಕ್ಕನ ಎಡಗೈ ನನ್ನ ಕುರ್ತಾದ ಬೆನ್ನು ಹಿಡಿದು ಜಗ್ಗಿತು. ಕ್ಯಾಮೆರಾ ಹಗ್ಗದ ತುದಿಯಲ್ಲಿ ಜೀಕಿ, ಮುಖ ಮುಂದಾಗಿ ಪಕ್ಕದ ತಗಡಿಗೆ ಬಡಿಯಿತು. ಗಾಜು ಒಡೆದ ಸದ್ದು ಸಣ್ಣದಾಗಿ, ಬಳೆ ಒಡೆದಂತೆ ಕೇಳಿತು.

ಗಾಡಿ ನಿಂತಿತು. ಆಡುಗಳು ನಮ್ಮ ಸುತ್ತ ಹರಿದುಹೋದವು, ಏನೂ ಆಗಿಲ್ಲವೆಂಬಂತೆ. ನಾನು ಹಗ್ಗ ಬಿಚ್ಚಿಕೊಂಡು ಕೆಳಗೆ ಹಾರಿದೆ. ಹುಡುಗಿ ಕಾಣಲಿಲ್ಲ. ರಸ್ತೆಯ ಆ ಬದಿ, ತಗ್ಗಿನ ಕರಿಮಣ್ಣಿನಲ್ಲಿ ಸೈಕಲ್ಲಿನ ಒಂದು ಗಾಲಿ ಮೇಲಾಗಿ ತಿರುಗುತ್ತಿತ್ತು. ಅವಳು ಅದರ ಕೆಳಗಿನಿಂದ ಏಳಲು ನೋಡುತ್ತಿದ್ದಳು. ಮೊಣಕೈ ಸುಲಿದು ರಕ್ತ ಮಣ್ಣಿನೊಂದಿಗೆ ಕಲಸಿತ್ತು.

"ಎಲ್ಲೆಲ್ಲಿ ಪೆಟ್ಟಾಗೈತಿ? ತಲಿಗೆ ಬಡದೈತೇನು?" ಎಂದೆ.

"ಸೈಕಲ್ ನೋಡ್ರಿ ಅಕ್ಕಾರ. ಮುಂದಿನ ಗಾಲಿ ಸೊಟ್ಟ ಆಗೈತೇನ ನೋಡ್ರಿ ಮದ್ಲ."

ನನ್ನ ಹಿಂದೆಯೇ ಇಳಿದು ಬಂದ ಅಕ್ಕ ಅವಳ ಎದುರು ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. "ಸೈಕಲ್ ಹಾಳಾಗಿ ಹೋಗ್ಲಿ!" ಎಂದು ಬೈದಳು. ಎಷ್ಟು ಜೋರಾಗಿ ಅಂದರೆ ಆಡು ಕಾಯುವವನು ನಮ್ಮನ್ನು ಬೈಯಲು ಬಂದವನು ಅಲ್ಲೇ ನಿಂತ. "ಕೈ ಮಡಚು. ಬೆಳ್ಳ ಆಡಸು. ತಲಿ ತಿರಗತೈತೇನು? ಮದ್ಲ ನಿನ್ನ ಸುದ್ದಿ ಹೇಳ ಬೇ!" ಬೈಯುತ್ತಲೇ ಅತ್ತಳು. ಹುಡುಗಿ ಹೆದರಿ, ಒಂದೊಂದೇ ಬೆರಳು ಮಡಚಿ ತೋರಿಸಿದಳು.

ಕ್ಯಾಮೆರಾ ಅಷ್ಟೊತ್ತೂ ಗಾಡಿಯ ಹಿಂದೆ ಹಗ್ಗದಲ್ಲಿ ತೂಗುತ್ತಿತ್ತು.

ಬಬಲೇಶ್ವರದಲ್ಲಿ ಹುಡುಗಿಯ ಗಾಯ ತೊಳೆಸಿ, ಪಟ್ಟಿ ಹಾಕಿಸಿದೆವು. ಎಲುಬಿಗೆ ಏನೂ ಆಗಿಲ್ಲ ಎಂದರು. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಚಹಾ ಹೇಳಿದೆವು. ಯಾರಿಗೂ ಕೂರಲು ಆಗಲಿಲ್ಲ. ಚಾಚಾ ಗಾಡಿಯ ಸುತ್ತ ತಿರುಗುತ್ತಿದ್ದ. "ಆಡಿನ ಮ್ಯಾಲ ಗಾಡಿ ಹಾಯಿಸಬೇಕಾಗಿತ್ತು, ಹೆಂಗ ಹಾಯಿಸಲಿ ಬೇಟಾ?" ಎಂದು ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳುತ್ತಿದ್ದ. "ನೀ ಚಲೋ ಮಾಡೀದಿ ಚಾಚಾ, ತಪ್ಪ ನಂದು. ಓಡೂ ಗಾಡ್ಯಾಗ ಕುಂದ್ರಸಬಾರ್ದಿತ್ತು ಇಕಿನ್ನ," ಎಂದು ಅಕ್ಕ ಎಷ್ಟು ಸಲ ಹೇಳಿದರೂ ಅವನಿಗೆ ಸಮಾಧಾನವಾಗಲಿಲ್ಲ. ಚಹಾ ತಣ್ಣಗಾಯಿತು.

ಮನೆಗೆ ಬಂದು ಚಾದರ ಹಾಸಿದೆ. ಫ್ಯಾನು ಆರಿಸಿದೆ. ಅಕ್ಕ ಹೇಳುವ ಮೊದಲೇ ಬ್ಯಾಟರಿ ತೆಗೆದೆ. ಲೆನ್ಸಿನ ಮುಂದಿನ ಗಾಜು ಜೇಡರ ಬಲೆಯಂತೆ ಸೀಳಿತ್ತು. ಕೆಟ್ಟದ್ದೆಂದರೆ, ಅದು ಒಡಲಿನಿಂದ ಬಿಟ್ಟುಬರುತ್ತಿರಲಿಲ್ಲ. ಗುಂಡಿ ಒತ್ತಿ ತಿರುಗಿಸಿದರೆ ಅರ್ಧಕ್ಕೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ನನ್ನ ಕೈ ಮತ್ತೆ ಹಳೆಯ ಕೈ ಆಯಿತು. ಇನ್ನಷ್ಟು ಬಲ ಹಾಕಿದರೆ ಬಂದೀತು ಎನಿಸಿತು.

"ಜುಲುಮಿ ಮಾಡಬ್ಯಾಡ," ಎಂದಳು ಅಕ್ಕ. "ಹಿಂದಕ್ಕ ಹೊಳ್ಳಸು. ತಡಿ. ಮತ್ತ ನೋಡು. ಬರ್ಲಿಲ್ಲಂದ್ರ ಹಂಗ ಸುತ್ತಿ ಇಡೂಣು, ರಿಪೇರಿಯವ್ರು ನೋಡ್ತಾರ."

ಹಿಂದಕ್ಕೆ ತಿರುಗಿಸಿದೆ. ಬೆವರು ಒರೆಸಿಕೊಂಡು ಬಂದೆ. ಮತ್ತೆ, ಬಲ ಹಾಕದೆ, ಎಲ್ಲಿ ಸಿಕ್ಕಿದೆ ಎಂದು ಬೆರಳಲ್ಲೇ ಕೇಳುತ್ತಾ ತಿರುಗಿಸಿದೆ. ಬಂತು. ಲೆನ್ಸಿನ ಹಿಂದಿನ ಬಳೆಯ ಒಂದು ಹಲ್ಲು ಮುರಿದಿತ್ತು. ಕ್ಯಾಮೆರಾದ ಮುಖ ಕೆಳಗೆ ಹಿಡಿದು, ರಬ್ಬರಿನ ಊದುವ ಚೆಂಡಿನಿಂದ ಗಾಳಿ ಹಾಕಿದೆ. ಚಾದರದ ಮೇಲೆ ಲೋಹದ ಒಂದು ಚೂರು ಬಿತ್ತು, ಹೊಳೆಯಿತು. ಬೇರೆ ಲೆನ್ಸು ಹಾಕಿ ಆನ್ ಮಾಡಿದಾಗ ಪರದೆಯಲ್ಲಿ ನಮ್ಮ ಗೋಡೆ, ಗೋಡೆಯ ಮೇಲಿನ ಗಡಿಯಾರ ಸ್ವಚ್ಛವಾಗಿ ಕಂಡವು. ಅಕ್ಕ ನೋಡಿದಳು. ಖುಷಿಪಡಲಿಲ್ಲ. ಮಾಳಿಗೆಗೆ ಹೋಗಿ ಕತ್ತಲಾಗುವವರೆಗೆ ಅಡ್ಡಾಡಿದಳು.

ಎರಡು ದಿನ ಬಿಟ್ಟು ಹುಡುಗಿ ತಾನೇ ಮನೆ ಹುಡುಕಿಕೊಂಡು ಬಂದಳು. ಮೊಣಕೈಗೆ ಪಟ್ಟಿ, ಹೊರಗೆ ಕಟ್ಟೆಗೆ ಒರಗಿಸಿದ ಸೈಕಲ್ಲು. "ಅವತ್ತಿಂದು ಬಂದೈತೇನ್ರಿ ಅದರಾಗ?" ಎಂದು ಕೇಳಿದಳು.

ಬಂದಿತ್ತು. ಗಾಡಿ ಹೊರಳುವ ತನಕದ್ದೆಲ್ಲ ಉಳಿದಿತ್ತು. ಅಕ್ಕ ಪರದೆಯಲ್ಲಿ ಹಚ್ಚಿಕೊಟ್ಟಳು. ಹುಡುಗಿ ತನ್ನ ಮುಖವನ್ನು ನೋಡಿ ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳು ಮುಖ ನೋಡಲೇ ಇಲ್ಲ. ಪರದೆಗೆ ಬಗ್ಗಿ, ಮತ್ತೆ ಹಚ್ರಿ ಎಂದಳು. ಮತ್ತೆ ಹಚ್ರಿ ಎಂದಳು.

"ನನ್ನ ಎಡಗಾಲ ನೋಡ್ರಿ ಅಕ್ಕಾರ. ಮೊಳಕಾಲ ಹೊರಗ ಹೊಂಟೈತಿ. ದಣದಾಗೆಲ್ಲಾ ಹೊರಗ ಹೋಗತೈತಿ. ಸೈಕಲ್ ಕಲಸೂ ಸರ್ ಎಷ್ಟ ಹೇಳಿದ್ರೂ ನಾ ಒಪ್ಪಿದ್ದಿಲ್ಲ." ಎದ್ದು ನಿಂತು ತನ್ನ ಮೊಣಕಾಲನ್ನು ಅಲ್ಲೇ ಎತ್ತಿ ಇಳಿಸಿ ನೋಡಿಕೊಂಡಳು. "ಮತ್ತೊಮ್ಮಿ ತಗೀತೀರೇನ್ರಿ? ಪೂರಾ ಕಾಲ ಕಾಣೂ ಹಂಗ? ನೆಲದ ಮ್ಯಾಲ ನಿಂತ ತಗೀರಿ, ನಾ ಎಷ್ಟ ಸಲ ಬೇಕಾದ್ರೂ ಬರ್ತೇನಿ."

ಮರುದಿನ ಬೆಳಿಗ್ಗೆ ತಿಕೋಟಾದ ರಸ್ತೆಯ ಪಕ್ಕ ಸ್ಟ್ಯಾಂಡು ಊರಿದೆ. ಒಂದು ಕಾಲು ಮುಂದೆ. ಕ್ಯಾಮೆರಾ ಕೂಡಿಸಿ ಜಗ್ಗಿ ನೋಡಿದೆ. ಗಾಳಿ ಇನ್ನೂ ಎದ್ದಿರಲಿಲ್ಲ. ಆದರೂ ಸ್ಟ್ಯಾಂಡಿನ ನಡುವಿಗೆ ಕಲ್ಲಿನ ಚೀಲ ತೂಗುಹಾಕಿದೆ. ಅಕ್ಕ ನನ್ನಿಂದ ದೂರ, ಒಂದು ಬೇವಿನ ಗಿಡದ ಕೆಳಗೆ ಹೋಗಿ ನಿಂತಳು. ಹುಡುಗಿ ದೂರದಲ್ಲಿ ಒಂದು ಚುಕ್ಕೆಯಾಗಿ ಕಂಡಳು. ನನ್ನ ಕಾಲ ಬೆರಳು ಚಪ್ಪಲಿಯೊಳಗೆ ಕುಣಿಯುತ್ತಲೇ ಇತ್ತು. ಅದು ಹೋಗಲಿಲ್ಲ. ಆದರೆ ಕುಣಿತ ಸೊಂಟದ ಮೇಲೆ ಏರಲಿಲ್ಲ. ಚುಕ್ಕೆ ಬೆಳೆದು ಹುಡುಗಿಯಾಯಿತು, ಹುಡುಗಿ ಬೆಳೆದು ಚೌಕಟ್ಟು ತುಂಬಿ, ಗಾಳಿ ಬೀಸಿದಂತೆ ಹೋದಳು. ತಿರುಗಿ ಬಂದಳು. ಮತ್ತೆ ಹೋದಳು. ಪ್ರತಿ ಸಲ ನಿಂತು, ಪರದೆ ನೋಡಿ, ಮೊಣಕಾಲಿಗೆ ತಾನೇ ಬೈದುಕೊಂಡು ಹೊರಡುತ್ತಿದ್ದಳು. ಬಿಸಿಲೇರುವ ಹೊತ್ತಿಗೆ ಎಡಗಾಲು ಒಂದಿಷ್ಟು ಒಳಗೆ ಬಂದಿತ್ತು.

ಆಯ್ಕೆಯಲ್ಲಿ ಅವಳ ಹೆಸರು ಬಂತು, ಆದರೆ ಹೆಚ್ಚುವರಿ ಸವಾರಳಾಗಿ. ಯಾರಿಗಾದರೂ ಆಗದಿದ್ದರೆ ಮಾತ್ರ ಇವಳು. ಫೋನಿನಲ್ಲಿ ನನಗೆ ಹೇಳುವಾಗ ದನಿ ಬಿಗಿಯಾಗಿತ್ತು. "ಕುಂದ್ರೂ ಕೆಲಸಾ ಕೊಟ್ಟಾರ್ರಿ ನನಗ. ಎಲ್ಲಾ ಬರತೈತಿ, ಅದೊಂದ ಬರಂಗಿಲ್ಲ." ಹಾಸ್ಟೆಲಿನ ಸುತ್ತಲಿನ ರಸ್ತೆ ಹೇಗಿದೆ ಎಂದು ಕೇಳಿದೆ. ಏರು ಬಾಳ ಐತ್ರಿ, ಚಲೋ ಐತಿ ಎಂದಳು.

ಅಕ್ಕನ ಪ್ಲಾಸ್ಟರ್ ಬಿಚ್ಚಿದಾಗ ಒಳಗಿನಿಂದ ಬಂದ ಕೈ ಯಾರದೋ ಬೇರೆಯವರದೆಂಬಂತೆ ಬಿಳಿಚಿತ್ತು, ಸಣ್ಣಗಾಗಿತ್ತು. ಮನೆಗೆ ಬಂದವಳೇ ಲೆನ್ಸು ತಿರುಗಿಸಲು ಕೂತಳು. ಮಣಿಕಟ್ಟು ಹೊರಳಲಿಲ್ಲ. ನಾನು ಕೈ ಚಾಚಿದೆ. "ಬಿಡು, ನಾನ ಮಾಡ್ತೇನಿ," ಎಂದು ರೇಗಿದಳು. ಮಾಡಲು ಆಗಲಿಲ್ಲ. ಮೆಲ್ಲಗೆ ಕ್ಯಾಮೆರಾವನ್ನು ನನ್ನ ಕಡೆ ಚಾಚಿದಳು.

"ಹಿಡದೀನಿ," ಎಂದೆ.

ಆಮೇಲೆ ಬಿಟ್ಟಳು.

ನಾನು ಪರೀಕ್ಷೆಯನ್ನೂ ಬರೆದೆ. ಚೆನ್ನಾಗಿ ಬರೆಯಲಿಲ್ಲ, ತೀರ ಕೆಟ್ಟದಾಗಿಯೂ ಬರೆಯಲಿಲ್ಲ. ಫಲಿತಾಂಶ ಬರುವ ಹೊತ್ತಿಗೆ ಅಕ್ಕನ ಜೊತೆ ಬೇರೊಂದು ಊರಿನಲ್ಲಿ, ಯಾರದೋ ಚಿತ್ರಕ್ಕೆ ಪೆಟ್ಟಿಗೆ ಹೊರುತ್ತಿದ್ದೆ. ಅವ್ವ ಫೋನು ಮಾಡಿದಳು.

"ಪಾಸ್ ಆಗಿಲ್ಲಂತ. ಓಣ್ಯಾಗಿನ ಹುಡುಗ್ರು ನೋಡಿ ಹೇಳ್ಯಾರ. ಈಗೇನ ಮಾಡಾಕತ್ತೀ?"

"ಕೆಲಸದಾಗ ಅದೀನಿ ಬೇ. ಕೈ ಖಾಲಿ ಇಲ್ಲ. ಆಮ್ಯಾಲ ಫೋನ ಮಾಡ್ತೇನಿ," ಎಂದೆ.

"ಉಂಡೀಯೇನು?"

"ಇನ್ನಾ ಇಲ್ಲ."

"ಮದ್ಲ ಉಣ್ಣು," ಎಂದಳು ಅವ್ವ. ಆಚೆಯಿಂದ ಯಾರೋ ಸಣ್ಣ ಲೆನ್ಸು ತರಲು ಕೂಗಿದರು. ನಾನು ಫೋನು ಇಟ್ಟು, ಅಂಗೈಯ ಬೆವರು ಒರೆಸಿಕೊಂಡು ನಡೆದೆ. ಓಡಲಿಲ್ಲ.